ದಾಖಲಾದ ಪ್ರಕರಣಗಳಿಂದ ಏನು ತಿಳಿಯುತ್ತದೆ?

ಪ್ರಶ್ನೆ: ನನ್ನ ಮಗಳು ಹಾಸನದ ಪಿಜಿಯೊಂದರಲ್ಲಿದ್ದು ಪದವಿ ಓದುತ್ತಿದ್ದಾಳೆ. ಲೈಂಗಿಕ ದೌರ್ಜನ್ಯದ ಪ್ರಕರಣಗಳು ಹೆಚ್ಚುತ್ತಿವೆ ಎಂದು ಪತ್ರಿಕೆಯಲ್ಲಿ ಓದಿದ ಮೇಲೆ, ಕತ್ತಲಾದ ನಂತರ ಹೊರಗೆ ಕಾಲಿಡಕೂಡದೆಂದು ಅವಳಿಗೆ ಕಟ್ಟಪ್ಪಣೆ ಮಾಡಿದ್ದೇನೆ. ಯಾವ ಜಾಗ, ಯಾವ ಹೊತ್ತು ಅಪಾಯಕಾರಿ ಎಂಬುದು ಪೊಲೀಸ್ ಅಂಕಿಅಂಶಗಳಿಂದ ತಿಳಿಯುತ್ತದೆಯೇ?
— ಒಬ್ಬ ತಾಯಿ, ಅರಸೀಕೆರೆ

ಉತ್ತರ: ಆ ಅಂಕಿಅಂಶಗಳಿಂದ ಸ್ಪಷ್ಟವಾಗಿ ತಿಳಿಯುವುದು ಆರೋಪಿ ಯಾರು ಎಂಬುದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ 31,516 ಅತ್ಯಾಚಾರ ಪ್ರಕರಣಗಳು ದಾಖಲಾದವು. ಇತ್ತೀಚಿನ ಯಾವುದೇ ವರ್ಷವಿರಲಿ, ಇಂಥ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚರಲ್ಲಿ ಆರೋಪಿಯು ಸಂತ್ರಸ್ತೆಗೆ ಗೊತ್ತಿರುವವನೇ, ಅಂದರೆ ಬಂಧು, ನೆರೆಯವನು, ಗೆಳೆಯ ಅಥವಾ ಕೆಲಸ ಕೊಟ್ಟವನು. ಬಸ್ ನಿಲ್ದಾಣದ ಕತ್ತಲಿಗೆ ನಾವು ಹೆದರುವಷ್ಟು ಪರಿಚಿತರ ಮನೆಗೆ ಹೆದರುವುದಿಲ್ಲ.

ಇನ್ನು, ಪ್ರಕರಣಗಳು ಹೆಚ್ಚಿದರೆ ಕೃತ್ಯಗಳೂ ಅಷ್ಟೇ ಹೆಚ್ಚಿದವೆಂದು ಹೇಳಲಾಗದು. ಸಕಲೇಶಪುರದ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿರುವ ಹೆಣ್ಣುಮಗಳು ಮಾಲೀಕನ ಕಡೆಯವರ ಮೇಲೆ ದೂರು ಕೊಟ್ಟರೆ ಕೂಲಿಯ ಜೊತೆಗೆ ಸೂರೂ ಹೋಗಬಹುದು. ಆದ್ದರಿಂದ ಅಂಥವಳು ಠಾಣೆಯ ಮೆಟ್ಟಿಲು ಹತ್ತುವುದೇ ಕಷ್ಟ. 2024ರಲ್ಲಿ ನಿಮ್ಮ ಜಿಲ್ಲೆಯಲ್ಲೇ ಪೆನ್‌ಡ್ರೈವ್‌ಗಳ ಮೂಲಕ ಹೆಣ್ಣುಮಕ್ಕಳ ದೃಶ್ಯಗಳು ಮುಖವನ್ನೂ ಮರೆಮಾಚದೆ ಹರಿದಾಡಿದವು. ಸಂತ್ರಸ್ತೆಯ ಗುರುತು ಬಯಲು ಮಾಡುವುದು ಶಿಕ್ಷಾರ್ಹ ಅಪರಾಧವೆಂದು ಕಾನೂನು ಎಷ್ಟು ಹೇಳಿದರೂ, ಅದನ್ನು ಕಂಡವರು ದೂರು ಕೊಡಲು ಹಿಂಜರಿದರೆ ಆಶ್ಚರ್ಯವಿಲ್ಲ. ಅಲ್ಲದೆ, 18 ತುಂಬದ ಹುಡುಗಿ ಪ್ರೀತಿಸಿದವನೊಡನೆ ಹೋದಾಗ ಹೆತ್ತವರು ಕೊಡುವ ದೂರೂ ಪೋಕ್ಸೊ (ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆ) ಲೆಕ್ಕಕ್ಕೇ ಸೇರುವುದರಿಂದ, ಒಂದೇ ಅಂಕಿಯೊಳಗೆ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ.

ನಿಮ್ಮ ಕಟ್ಟಪ್ಪಣೆಯ ಬಗ್ಗೆ ನನಗೆ ಅಳುಕಿದೆ. ರಾತ್ರಿ ಎಂಟಕ್ಕೆ ಏನಾದರೂ ನಡೆದರೆ, ‘ಆ ಹೊತ್ತಿನಲ್ಲಿ ಅಲ್ಲೇಕೆ ಹೋದೆ’ ಎಂಬ ನಿಮ್ಮ ಬೈಗುಳಕ್ಕೆ ಹೆದರಿಯೇ ಅವಳು ಬಾಯಿ ಬಿಡದಿರಬಹುದು. ಏನೇ ಆದರೂ ಮೊದಲು ನಿಮಗೇ ಫೋನ್ ಮಾಡಬೇಕು, ನೀವು ಬೈಯುವುದಿಲ್ಲ ಎಂದು ಇಂದೇ ಅವಳಿಗೆ ಹೇಳಿ. ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯೂ ‘ಇದು ನಮ್ಮ ಸರಹದ್ದಲ್ಲ’ ಎಂದು ವಾಪಸು ಕಳಿಸುವಂತಿಲ್ಲ. ಶೂನ್ಯ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ನೀಡಲೇಬೇಕು. ತೊಟ್ಟಿದ್ದ ಬಟ್ಟೆಯನ್ನು ಒಗೆಯದೆ ಕಾಗದದ ಚೀಲದಲ್ಲಿಡುವುದು ಒಳ್ಳೆಯದು, ಪ್ಲಾಸ್ಟಿಕ್ ಬೇಡ. ಆದರೆ ಸ್ನಾನ ಮಾಡಿಯಾಗಿದ್ದರೂ, ದಿನಗಳು ಕಳೆದಿದ್ದರೂ ದೂರು ಕೊಡಲು ಅಡ್ಡಿಯಿಲ್ಲ. ತುರ್ತಿಗೆ 112, ಮಹಿಳಾ ಸಹಾಯವಾಣಿಗೆ 181.