ಒಂದು ತೊಡದೇವು ತಿಂದರೆ ದಿನವೇ ಹಾಳಾ?

ಪ್ರಶ್ನೆ: ಶಿರಸಿಯವಳು, ವಯಸ್ಸು 36, ಶಿಕ್ಷಕಿ. ತೂಕ 88 ಕೆಜಿ. ಬೆಳಿಗ್ಗೆ ಬರೀ ಚಹಾ, ಮಧ್ಯಾಹ್ನ ಸೌತೆಕಾಯಿ ಅಂತ ಪಟ್ಟಿ ಹಾಕಿಕೊಂಡಿದ್ದೇನೆ. ಯಾರದೋ ಮನೆಯಲ್ಲಿ ಒಂದು ತೊಡದೇವು (ನಮ್ಮ ಕಡೆಯ ತೆಳ್ಳನೆ ಸಿಹಿತಿಂಡಿ) ತಿಂದರೂ ಆ ದಿನ ಕೆಟ್ಟಿತು ಅನಿಸುತ್ತದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ನಿಂತೇ ಹೊಟ್ಟೆ ಬಿರಿಯುವಷ್ಟು ತಿನ್ನುತ್ತೇನೆ. ಮರುದಿನ ಉಪವಾಸ. ಬೇರೆಲ್ಲ ಕೆಲಸ ಅಚ್ಚುಕಟ್ಟು. ಇದರಲ್ಲಿ ಮಾತ್ರ ಯಾಕೆ ಸೋಲುತ್ತೇನೆ?

ಉತ್ತರ: ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತ ನನಗಂತೂ ಅನಿಸಲಿಲ್ಲ. ಸೌತೆಕಾಯಿ ತಿಂದು ಸಂಜೆವರೆಗೆ ಪಾಠ ಮಾಡುವುದು ಸುಮ್ನೆ ಅಲ್ಲ. ತೊಂದರೆ ಇರುವುದು ಆ ಪಟ್ಟಿಯಲ್ಲಿ. ನೂರಕ್ಕೆ ನೂರು, ಇಲ್ಲವೇ ಸೊನ್ನೆ. ಮಕ್ಕಳ ಉತ್ತರ ಪತ್ರಿಕೆಯನ್ನು ಹೀಗೆ ತಿದ್ದುತ್ತೀರಾ?

ಹಗಲಿಡೀ ಹಸಿದಿದ್ದರೆ ರಾತ್ರಿ ಅನ್ನದ ಪಾತ್ರೆ ಮುಂದೆ ಕೈ ನಿಲ್ಲುವುದಿಲ್ಲ. ಜೊತೆಗೆ ‘ಹೇಗೂ ಕೆಟ್ಟಿತಲ್ಲ’ ಎಂಬ ಯೋಚನೆ ಬೇರೆ. ಮರುದಿನದ ಉಪವಾಸ ಮುಂದಿನ ರಾತ್ರಿಗೆ ತಯಾರಿ ಅಷ್ಟೇ.

ಹೀಗೆ ಹಿಡಿತ ತಪ್ಪಿ ತಿನ್ನುವುದು ವಾರಕ್ಕೊಮ್ಮೆಯಂತೆ 3 ತಿಂಗಳು ನಡೆದರೆ ಅದು ಬಿಂಜ್ ಈಟಿಂಗ್ ಡಿಸಾರ್ಡರ್ ಇರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ 2013ರಲ್ಲೇ ಇದನ್ನು ಪ್ರತ್ಯೇಕ ಕಾಯಿಲೆ ಎಂದು ಸೇರಿಸಿತು. ಉಪವಾಸವೂ ಸೇರಿದರೆ ವೈದ್ಯರು ಬುಲಿಮಿಯಾ, ಅಂದರೆ ಹಿಡಿತ ತಪ್ಪಿ ತಿಂದು ಆಮೇಲೆ ಉಪವಾಸವೋ ವಾಂತಿಯೋ ಮಾಡಿ ಸರಿದೂಗಿಸುವ ಕಾಯಿಲೆ, ಅನ್ನಲೂಬಹುದು. ಹೆಸರು ಅವರೇ ಹೇಳಲಿ.

ತೆಳ್ಳಗಿನ ಹುಡುಗಿ ಊಟ ಬಿಟ್ಟರೆ ಮನೆಮಂದಿ ಗಾಬರಿಯಾಗುತ್ತಾರೆ. ದಪ್ಪಗಿರುವವಳು ಬಿಟ್ಟರೆ ‘ಒಳ್ಳೇದಾಯ್ತು, ಸ್ವಲ್ಪ ಇಳೀತೀಯ’ ಅಂತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಈ ಹೊಗಳಿಕೆಯಲ್ಲೇ ಎಷ್ಟೋ ಹೆಂಗಸರ ಕಾಯಿಲೆ ವರ್ಷಗಟ್ಟಲೆ ಮುಚ್ಚಿಹೋಗುತ್ತದೆ.

ನಾಳೆ ಬೆಳಿಗ್ಗೆ ದೋಸೆ ತಿನ್ನಿ. ಹಿಂದಿನ ರಾತ್ರಿ ಏನೇ ಆಗಿರಲಿ, ತಿನ್ನಿ. ಮಧ್ಯಾಹ್ನ ಅನ್ನ, ತಂಬುಳಿ, ಪಲ್ಯ, ತಟ್ಟೆಗೆ ಬಡಿಸಿಕೊಂಡು ಕೂತು ಉಣ್ಣಿ. ಮೂರು ಊಟ, ನಡುವೆ ಏನಾದರೂ ಸ್ವಲ್ಪ. ನಾಲ್ಕು ತಾಸಿಗಿಂತ ಜಾಸ್ತಿ ಹೊಟ್ಟೆ ಖಾಲಿ ಬಿಡಬೇಡಿ. (ಇದಕ್ಕೂ ಪಟ್ಟಿ ಮಾಡಿ ಟಿಕ್ ಹಾಕುತ್ತಾ ಕೂರಬೇಡಿ, ನೀವು ಮಾಡುವವರೇ!) ತೂಕ ಇಳಿಸುವ ಮಾತು ಸದ್ಯಕ್ಕೆ ಬೇಡ. ಶುಗರ್, ಬಿಪಿ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.

ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಶುರುವಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ತಿಂದದ್ದನ್ನು ವಾಂತಿ ಮಾಡುವುದೋ ಭೇದಿ ಮಾತ್ರೆ ನುಂಗುವುದೋ ಇದ್ದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಅಲ್ಲಿ ‘ತೂಕ ಇಳಿಸಬೇಕು’ ಎಂದು ಮಾತು ತೆಗೆಯಬೇಡಿ, ಮತ್ತೊಂದು ಡಯಟ್ ಚಾರ್ಟ್ ಕೈಗೆ ಬಂದೀತು. ‘ರಾತ್ರಿ ತಿನ್ನುವುದು ನಿಲ್ಲುತ್ತಿಲ್ಲ, ಮರುದಿನ ಉಪವಾಸ ಮಾಡ್ತೇನೆ’ ಎಂದೇ ಹೇಳಿ.