ಕಡಲೂರಿನಲ್ಲಿ ಮನೆ: ಡಿಸೆಂಬರ್‌ನಲ್ಲಿ ನೋಡಿದ್ದು ಸಾಲದು

ಕರಾವಳಿಯಲ್ಲಿ ಮನೆ ಕಟ್ಟಿಸುವ ಕೆಲಸದಲ್ಲೇ ತಲೆ ನರೆತ ಸಿವಿಲ್ ಎಂಜಿನಿಯರೊಬ್ಬರು ಈ ವಾರ ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ನಾವು ಮೂಲತಃ ತುಮಕೂರಿನ ಕಡೆಯವರು, ಬೆಂಗಳೂರಿನಲ್ಲಿದ್ದೇವೆ. ಮುಂದಿನ ವರ್ಷ ನನಗೆ ನಿವೃತ್ತಿ. ಹೆಂಡತಿಗೆ ಕಡಲೆಂದರೆ ಪ್ರಾಣ. ಕಳೆದ ಡಿಸೆಂಬರ್‌ನಲ್ಲಿ ಗೋಕರ್ಣ, ಕುಮಟಾ, ಕುಂದಾಪುರ, ಮಲ್ಪೆ ನೋಡಿಕೊಂಡು ಬಂದೆವು. ಕುಮಟಾದ ಹತ್ತಿರ ಕಡಲಿಗೆ ಮುಖ ಮಾಡಿದ ಐದು ಗುಂಟೆ ಜಾಗ ಮನಸ್ಸಿಗೆ ಹಿಡಿಸಿದೆ. ಎರಡು ವರ್ಷದ ಹಿಂದೆ ನನಗೆ ಸ್ಟೆಂಟ್ ಹಾಕಿದ್ದಾರೆ. ನಾವು ಸಸ್ಯಾಹಾರಿಗಳು. ಯಾವ ಊರು ನಮಗೆ ಹೊಂದೀತು?

ಉತ್ತರ: ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲವೆಂದೇ ನಂಬಿ ಬರೆಯುತ್ತಿದ್ದೇನೆ.

ಡಿಸೆಂಬರ್‌ನಲ್ಲಿ ನಮ್ಮ ಕರಾವಳಿಯ ಯಾವ ಊರೂ ಚೆಂದವೇ. ಬೆಳಿಗ್ಗೆ ಸಣ್ಣ ಚಳಿ, ಬಾವಿಯಲ್ಲಿ ಕೈಗೆಟಕುವಷ್ಟು ನೀರು, ಹಸುಗೂಸಿನಂತೆ ಮಲಗಿರುವ ಕಡಲು. ಅದೇ ಜಾಗಕ್ಕೆ ಇನ್ನೆರಡು ಸಲ ಬನ್ನಿ: ಒಮ್ಮೆ ಜುಲೈ ನಡುವೆ, ಒಮ್ಮೆ ಮೇ ಮೊದಲ ವಾರ. ಹೋಟೆಲಿನಲ್ಲಿ ಉಳಿಯಬೇಡಿ, ಬಾಡಿಗೆ ಮನೆ ಹಿಡಿದು ಹತ್ತು ದಿನ ಅಡುಗೆ ಮಾಡಿಕೊಂಡಿರಿ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಒಗೆದ ಪಂಚೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಬೀರುವಿನಲ್ಲಿಟ್ಟ ಚರ್ಮದ ಚಪ್ಪಲಿಯ ಮೇಲೆ ಹಸಿರು ಬೂಷ್ಟು ಏಳುತ್ತದೆ. ಇದನ್ನು ಕಂಡ ಮೇಲೂ ನಿಮ್ಮ ಮನೆಯವರು ‘ಇಲ್ಲೇ ಇರೋಣ’ ಎಂದರೆ ಮುಂದಿನ ಮಾತು.

ಮೇ ತಿಂಗಳಲ್ಲಿ ನೋಡಬೇಕಾದದ್ದು ಬಾವಿ. ಕಡಲಂಚಿನ ಮರಳಿನಡಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತಿರುತ್ತದೆ. ಕೊಡಪಾನದಲ್ಲಿ ಸೇದಿದಷ್ಟು ಕಾಲ ಅದಕ್ಕೆ ತೊಂದರೆಯಿಲ್ಲ. ಪಂಪ್ ಇಟ್ಟು ಗಂಟೆಗಟ್ಟಲೆ ಎಳೆದರೆ ಅಡಿಯ ಉಪ್ಪು ಮೇಲೇರುತ್ತದೆ. ನಾನೇ ಕಟ್ಟಿಸಿದ ಮನೆಯೊಂದರಲ್ಲಿ ಹೀಗಾಯಿತು: ಅಜ್ಜಿಯ ಕಾಲದಿಂದ ಸಿಹಿಯಿದ್ದ ಬಾವಿ, ತೆಂಗಿನ ತೋಟಕ್ಕೆ ನೀರು ಬಿಡಲು ಪಂಪ್ ಕೂರಿಸಿದ ಎರಡನೇ ಬೇಸಿಗೆಗೆ ಕೆಟ್ಟಿತು. ಚಹಾ ಕುಡಿದವರು ಮುಖ ಕಿವುಚಿದಾಗಲೇ ಗೊತ್ತಾಗಿದ್ದು. ಜಾಗ ತೋರಿಸುವ ದಲ್ಲಾಳಿಯ ಮುಂದೆಯೇ ಒಂದು ಬಕೆಟ್ ನೀರು ಸೇದಿಸಿ, ಸ್ನಾನದ ಸೋಪು ಉಜ್ಜಿ ನೋಡಿ. ನೊರೆ ಬಾರದೆ ಹಿಟ್ಟಿನಂತೆ ಜಿಗುಟಾದರೆ ಹಿಂದಿರುಗಿ. ಕೊಳವೆಬಾವಿ ತೋಡಿಸಿದರಾಯಿತು ಎಂದು ದಲ್ಲಾಳಿ ಹೇಳಿಯೇ ಹೇಳುತ್ತಾನೆ. ಕಡಲ ಬದಿಯಲ್ಲಿ ಆಳಕ್ಕಿಳಿದಷ್ಟೂ ಉಪ್ಪಿನ ಭಯ ಹೆಚ್ಚು.

ಇನ್ನು ನಿಮ್ಮ ಸ್ಟೆಂಟ್. ಕುಮಟಾ ನನಗೂ ಇಷ್ಟದ ಊರು. ಅಘನಾಶಿನಿಯ ಅಳಿವೆಯಲ್ಲಿ ಸಂಜೆ ಇಳಿತಕ್ಕೆ ಬಳಚು (ಚಿಪ್ಪುಮೀನು) ಹೆಕ್ಕುವವರನ್ನು ನೋಡುತ್ತ ಕುಳಿತರೆ ಹೊತ್ತು ಹೋದದ್ದೇ ತಿಳಿಯದು. ಆದರೆ ಎದೆ ಹಿಡಿದುಕೊಂಡ ರಾತ್ರಿ ಹೋಗಬೇಕಾದದ್ದು ಎಲ್ಲಿಗೆ? ದಕ್ಷಿಣಕ್ಕೆ ಮಣಿಪಾಲ, ಸುಮಾರು 140 ಕಿಲೋಮೀಟರ್. ಉತ್ತರಕ್ಕೆ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು, ಸುಮಾರು 70. ಅದೇ ಉತ್ತರದ ದಾರಿಯಲ್ಲಿ, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ ವರ್ಷಗಳಿಂದ ಕೂಗುತ್ತಿರುವುದು ಸುಮ್ಮನೆ ಅಲ್ಲ. ಹೃದಯ ಗಟ್ಟಿಯಿರುವ ನಲವತ್ತರ ಪ್ರಾಯದವರಿಗೆ ಕುಮಟಾ, ಹೊನ್ನಾವರ ಎನ್ನುತ್ತೇನೆ. ನಿಮಗೆ ಹೇಳಲಾರೆ. ಗೋಕರ್ಣದ ಮಾತೂ ಅಷ್ಟೇ. ಜೊತೆಗೆ ಅಲ್ಲಿ ವಾರಾಂತ್ಯವಾದರೆ ಹಾಲು ತರಲು ಹೊರಟವರೂ ಪ್ರವಾಸಿಗರ ವಾಹನಗಳ ನಡುವೆ ನುಸುಳಬೇಕು.

ಹಾಗಾಗಿ ನನ್ನ ಬೆರಳು ನಿಲ್ಲುವುದು ಬ್ರಹ್ಮಾವರ, ಸಾಲಿಗ್ರಾಮ, ಕೋಟ, ಕುಂದಾಪುರದ ಸಾಲಿನಲ್ಲಿ. ದೂರದ ಕುಂದಾಪುರದಿಂದಲೂ ಮಣಿಪಾಲ ಒಂದು ಗಂಟೆಯ ದಾರಿ. ತುಳು ಬಾರದ ನಿಮಗೆ ಕೋಟ, ಕುಂದಾಪುರದ ಕಡೆ ಕನ್ನಡವೇ ಆಡುಮಾತು ಎಂಬುದು ದೊಡ್ಡ ಅನುಕೂಲ. ಮೊದಲ ತಿಂಗಳು ಆ ಕನ್ನಡ ಅರ್ಧಂಬರ್ಧ ಅರ್ಥವಾದೀತು, ಅಷ್ಟೆ. ಪಕ್ಕದ ಮನೆಯವರು ‘ಹ್ವಾಯ್’ ಎಂದು ಕರೆದರೆ ಮುನಿಸಿಕೊಳ್ಳಬೇಡಿ, ಅದು ಮರ್ಯಾದೆಯ ಕರೆ. ಬೆಂಗಳೂರಿನ ಮಕ್ಕಳು ಪಂಚಗಂಗಾ ರೈಲಿನಲ್ಲಿ ರಾತ್ರಿ ಮಲಗಿ ಬೆಳಿಗ್ಗೆ ಇಳಿಯಬಹುದು. ಕುಂದಾಪುರದ ನಿಲ್ದಾಣ ಇರುವುದು ಪೇಟೆಯಿಂದ ದೂರ, ಮೂಡ್ಲಕಟ್ಟೆಯಲ್ಲಿ, ರಿಕ್ಷಾ ಹಿಡಿಯಬೇಕು. ಮಲ್ಪೆ ಮಣಿಪಾಲಕ್ಕೆ ಇನ್ನೂ ಹತ್ತಿರ, ಆದರೆ ಅಲ್ಲಿರುವುದು ದೊಡ್ಡ ಮೀನುಗಾರಿಕೆ ಬಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆಗ ಬಂದವರಿಗೆ ವಾಸನೆಯ ಅಂದಾಜು ಸಿಗುವುದಿಲ್ಲ. ಅಕ್ಟೋಬರ್‌ನಲ್ಲಿ ಬಂದರಿನ ಹಿಂದಿನ ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. ನಮಗದು ಅನ್ನದ ವಾಸನೆ; ನಿಮಗೆ ಹೇಗೋ ಕಾಣೆ.

ಕೊನೆಗೆ, ನಿಮ್ಮ ಹೆಂಡತಿಯವರಿಗೆ ಬೇಸರವಾಗುವ ಮಾತು. ಕಡಲಿಗೆ ಮುಖ ಮಾಡಿದ ಜಾಗ ಬೇಡ. ಕಡಲಿನಲ್ಲೇ ಬದುಕು ಕಟ್ಟಿಕೊಂಡ ಮೀನುಗಾರರನ್ನು ಬಿಟ್ಟರೆ ನಮ್ಮ ಹಿರಿಯರು ಮನೆ ಕಟ್ಟಿದ್ದು ಗದ್ದೆ ದಾಟಿ ಒಳಗೆ. ಉಪ್ಪುಗಾಳಿಗೆ ಕಬ್ಬಿಣ ಬಾಳುವುದಿಲ್ಲ. ಕಡಲ ದಂಡೆಯ ಮನೆಯೊಂದರ ಗೇಟಿನ ಚಿಲಕ ಮೂರನೇ ಮಳೆಗಾಲಕ್ಕೆ ನನ್ನ ಕೈಯಲ್ಲೇ ಪದರ ಪದರವಾಗಿ ಉದುರಿತು. ಕಾಂಕ್ರೀಟಿನ ಒಳಗಿನ ಸರಳಿನ ಗತಿಯೂ ನಿಧಾನಕ್ಕೆ ಅದೇ. ಕಾನೂನಿನ ಕತ್ತರಿಯೂ ಇದೆ. 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಂತೆ ಗ್ರಾಮೀಣ ಪ್ರದೇಶದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ಒಳಗೆ ಹೊಸ ಕಟ್ಟಡ ಏಳುವಂತಿಲ್ಲ. ಚದರ ಕಿಲೋಮೀಟರಿಗೆ 2,161 ಜನರನ್ನು ಮೀರಿದ ದಟ್ಟಣೆಯಿದ್ದರೆ ಮಾತ್ರ ಅದು 50 ಮೀಟರ್. ಉಬ್ಬರದ ನೀರು ಏರುವ ಹೊಳೆಯ ಬದಿಗೂ ನಿರ್ಬಂಧ ಉಂಟು. ಪಹಣಿ, ಋಣಭಾರ ಪತ್ರ, ಭೂಪರಿವರ್ತನೆ ಆದೇಶ, ಪಂಚಾಯಿತಿಯ ನಮೂನೆ 9 ಮತ್ತು 11 ಎಲ್ಲವೂ ಸರಿಯಿದ್ದರೂ ಈ ಗೆರೆಯೊಳಗೆ ಸಿಕ್ಕಿದ ಜಾಗದಲ್ಲಿ ಟೊಮೆಟೊ ಬೆಳೆಯಬೇಕಷ್ಟೆ, ಅದೂ ಆ ಮರಳಿನಲ್ಲಿ ಬಂದರೆ. ಕಡಲಿನಿಂದ ಒಂದೂವರೆ ಕಿಲೋಮೀಟರ್ ಒಳಗೆ, ಕೆಂಪುಕಲ್ಲಿನ ಗೋಡೆಯ ಹಂಚಿನ ಮನೆ ಬಾಡಿಗೆಗೆ ಸಿಕ್ಕರೆ ಒಂದು ವರ್ಷ ಇದ್ದು ನೋಡಿ. ರಾತ್ರಿ ಅಲೆಯ ಸದ್ದು ಅಲ್ಲಿಗೂ ಕೇಳುತ್ತದೆ, ಮಳೆಗಾಲದಲ್ಲಂತೂ ಬೇಡವೆಂದರೂ.

ಪ್ರಶ್ನೆ: ಬೇಸಿಗೆ ರಜೆಯಲ್ಲಿ ಎಂಟು ಮತ್ತು ಹನ್ನೊಂದು ವರ್ಷದ ಮಕ್ಕಳೊಂದಿಗೆ ನಾಲ್ಕು ದಿನ ಬರಬೇಕೆಂದಿದ್ದೇವೆ. ಮುರುಡೇಶ್ವರ, ಮರವಂತೆ, ಪಡುಬಿದ್ರಿ, ಕಾಪು ಎಲ್ಲ ಮುಗಿಸಬಹುದೇ?

ಉತ್ತರ: ಮುಗಿಸಬಹುದು, ಮಕ್ಕಳಿಗೆ ಕಾರಿನ ಹಿಂದಿನ ಸೀಟು ಮಾತ್ರ ನೆನಪಿರುತ್ತದೆ. ಉಡುಪಿಯ ಆಸುಪಾಸಿನಲ್ಲಿ ಒಂದೇ ಕಡೆ ತಂಗಿ. ನೀರಿಗಿಳಿಯಲು ಪಡುಬಿದ್ರಿ ಸಾಕು. ಹೊನ್ನಾವರದ ಕಾಸರಕೋಡಿನ ಜೊತೆ 2020ರಲ್ಲಿ ಸ್ವಚ್ಛತೆ, ಸುರಕ್ಷತೆಗೆ ಸಿಗುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಕಡಲತೀರ ಅದು. ಸಂಜೆ ಮಕ್ಕಳನ್ನು ಕಾಪುವಿನ ದೀಪಸ್ತಂಭದ ಮೇಲೆ ಹತ್ತಿಸಿ, ಅದು 1901ರದ್ದು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ. ನೋಡಿ, ಬೊಂಡ ಕುಡಿದು ಹೊರಡಿ, ಈಜಲು ಇಳಿಯಬೇಡಿ. ಏಪ್ರಿಲ್‌ನಲ್ಲೇ ಬಂದರೆ ಒಳ್ಳೆಯದು. ಮೇ ಕೊನೆಗೆ ಕಡಲು ಕೆರಳತೊಡಗುತ್ತದೆ, ಸೇಂಟ್ ಮೇರೀಸ್ ದ್ವೀಪದ ದೋಣಿಯೂ ಮಳೆಗಾಲಕ್ಕೆ ನಿಲ್ಲುತ್ತದೆ.

ಪ್ರಶ್ನೆ: ಉಳ್ಳಾಲದ ಹತ್ತಿರ ಎಂಟು ಸೆಂಟ್ಸ್ ಜಾಗ ಬಹಳ ಅಗ್ಗಕ್ಕೆ ಬಂದಿದೆ. ಪಶ್ಚಿಮಕ್ಕೆ ಕಲ್ಲಿನ ತಡೆಗೋಡೆ ಇದೆ, ಹಾಗಾಗಿ ಭಯವಿಲ್ಲ ಎನ್ನುತ್ತಾರೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. ಆ ಕಲ್ಲುಗಳನ್ನು ಅಲ್ಲಿ ತಂದು ಸುರಿದದ್ದೇ ಕಡಲು ಒಳಗೆ ಬರುತ್ತಿರುವುದರಿಂದ. ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡಲ್ಕೊರೆತದ ಸುದ್ದಿ ಪ್ರತಿ ಮಳೆಗಾಲದ ಪತ್ರಿಕೆಯಲ್ಲೂ ಇರುತ್ತದೆ. ಒಂದು ಕಡೆ ಗೋಡೆ ಕಟ್ಟಿದರೆ ಮರಳಿನ ಓಡಾಟ ತಪ್ಪಿ ಪಕ್ಕದ ದಂಡೆ ಕರಗುವುದೂ ಉಂಟು. ಎಂಟು ಸೆಂಟ್ಸ್ ಎಂದು ಬರೆದಿದ್ದೀರಿ. ಮೂಲಪತ್ರದಲ್ಲಿ ಎಷ್ಟಿತ್ತು, ಈಗ ಅಳೆದರೆ ಎಷ್ಟಿದೆ ಎಂದು ಕೇಳಿದಿರಾ?