ಹೊಳೆಯಲ್ಲಿ ಗಾಳ ಹಾಕಲು 14 ಅಡಿಯ ದೋಣಿ: ವಿ ತಳವೋ, ಚಪ್ಪಟೆ ತಳವೋ?

ಗಾಳ ಹಾಕಲು ದೋಣಿ ತಗೊಳ್ಳುವ ಅಂತ ನೀವು ಕೇಳಿದ್ದು ಇಷ್ಟು: ಉಡುಪಿಯ ಕೆಮ್ಮಣ್ಣು ಕಡೆಯ ಸ್ವರ್ಣಾ ಹೊಳೆ, 14 ಅಡಿಯ ಫೈಬರ್ ದೋಣಿ, 9.9 ಎಚ್‌ಪಿ ಎಂಜಿನ್, ತಳ ವಿ ಆಕಾರದ್ದೋ ಚಪ್ಪಟೆಯದ್ದೋ. ಇದೇ ಪಟ್ಟಿ ಹಿಡ್ಕೊಂಡು ನಾನೂ ತಿರುಗಿದವನೇ ಮಾರಾಯ್ರೆ. ಮಲ್ಪೆಯಲ್ಲಿ ಕಡಲಿಗೆ ಹೋಗುವ ದೋಣಿಗಳನ್ನು ನೋಡಿ ನೋಡಿ, ಮೂತಿ ಚೂಪಾಗಿದ್ದರೆ ಮಾತ್ರ ದೋಣಿ ಅಂತ ತಲೆಯಲ್ಲಿ ಕೂತಿತ್ತು. ವಿ ತಳದ್ದೇ ತಗೊಂಡೆ.

ನಾನು ಕೆಟ್ಟದ್ದು ಎಲ್ಲಿ ಅಂದ್ರೆ, ಹೊಳೆಯನ್ನು ಕಡಲ ನೀರು ಏರಿ ಬರುವ ಭರತದಲ್ಲಿ ಮಾತ್ರ ನೋಡಿದ್ದು. ರಜೆ ಹಾಕಿ ಕಡವಿಗೆ ಹೋದದ್ದು ಹುಣ್ಣಿಮೆಯ ಆಸುಪಾಸು, ಮಧ್ಯಾಹ್ನ. ಗಳ ಇಳಿಸಿದರೆ ಎದೆಮಟ್ಟ ನೀರು. ಸಾಕಲ್ಲ, ಯಾವ ದೋಣಿಯೂ ಹೋದೀತು ಅಂದ್ಕೊಂಡೆ. ಹುಣ್ಣಿಮೆ, ಅಮಾವಾಸ್ಯೆಗೆ ನೀರು ಅತಿ ಹೆಚ್ಚು ಏರುವುದು ಮಾತ್ರ ಅಲ್ಲ, ಅತಿ ಹೆಚ್ಚು ಇಳಿಯುವುದೂ ಆಗಲೇ. ಆವತ್ತು ಇನ್ನು ಆರು ಗಂಟೆ ಅಲ್ಲೇ ಕೂತಿದ್ದರೆ ಅದೇ ಜಾಗದಲ್ಲಿ ಕೆಸರು ಕಾಣ್ತಿತ್ತು. ಕೂತವರು ಯಾರು! ಚಾ ಕುಡಿದು ಮನೆಗೆ ಬಂದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಮ್ಮಿ. ದಿನದಿಂದ ದಿನಕ್ಕೆ ಭರತದ ಹೊತ್ತೂ ಸುಮಾರು 50 ನಿಮಿಷ ತಡವಾಗ್ತಾ ಹೋಗ್ತದೆ. ಹಾಗಾಗಿ ಪ್ರತಿ ಭಾನುವಾರ ಬೆಳಿಗ್ಗೆ ಹೋಗುವವನಿಗೆ ಒಂದು ವಾರ ಹೊಳೆ, ಇನ್ನೊಂದು ವಾರ ಗದ್ದೆ.

ಇನ್ನೊಂದು ಉಂಟು. ಕೆಂಬೇರಿ ಮೀನು ಗಾಳಕ್ಕೆ ಬರುವುದು ನೀರು ಓಡುವಾಗ, ಅದೂ ಕುದ್ರುವಿನ (ಹೊಳೆ ನಡುವಿನ ದ್ವೀಪದ) ಬದಿಯ ಕಾಂಡ್ಲಾ ಗಿಡದ ಬೇರಿನ ಹತ್ತಿರ. ಅಂದ್ರೆ ನಿಮಗೆ ಮೀನು ಬೇಕಾದ ಹೊತ್ತು, ಜಾಗ ಎರಡೂ ತೆಳು ನೀರಿನದ್ದು. ವಿ ತಳ ಚಪ್ಪಟೆಗಿಂತ ಹೆಚ್ಚು ಮುಳುಗ್ತದೆ, ಎಂಜಿನ್ನಿನ ಫ್ಯಾನು ಅದಕ್ಕಿಂತಲೂ ಕೆಳಗೆ. ಒಂದು ಇಳಿತದಲ್ಲಿ ನನ್ನ ದೋಣಿ ತಿಮ್ಮಣ್ಣ ಕುದ್ರುವಿನ ಆಚೆ ಕೂತೇ ಬಿಟ್ಟಿತು. ವಿ ತಳ ಕೂತರೆ ನೆಟ್ಟಗೆ ಕೂರುವುದಿಲ್ಲ, ಮಗ್ಗುಲಿಗೆ ವಾಲ್ತದೆ. ಇಳಿದು ದೂಡುವ ಅಂದ್ರೆ ಮೊಣಕಾಲು ಹುಗಿಯುವ ಕೆಸರು. ಸಣ್ಣ ಪಾತಿದೋಣಿಯಲ್ಲಿ ಗಳ ಒತ್ತಿಕೊಂಡು ಪಕ್ಕದಲ್ಲೇ ಹೋದ ಹಿರಿಯರೊಬ್ಬರು ಕೇಳಿದರು: “ಎಂತ ಸಾರ್, ಭರತ ಬರುವವರೆಗೆ ಇಲ್ಲೇ ಮೊಕ್ಕಾಮಾ?” ಹೌದು, ಮೊಕ್ಕಾಮೇ. ಸೊಳ್ಳೆ ಬೇರೆ. ಆ ದೋಣಿಯನ್ನು ಆಮೇಲೆ ಸಿಕ್ಕಿದ ಕ್ರಯಕ್ಕೆ ಮಾರಿದೆ, ಕಳೆದುಕೊಂಡ ದುಡ್ಡಿನ ಲೆಕ್ಕ ಹೆಂಡತಿಯ ಹತ್ತಿರ ಉಂಟು.

ಆದ್ದರಿಂದ ವಿ ಒಳ್ಳೆಯದೋ ಚಪ್ಪಟೆಯೋ ಅಂತ ಕೇಳುವ ಮೊದಲು ಅಮಾವಾಸ್ಯೆಯ ಇಳಿತದಲ್ಲಿ ನಿಮ್ಮ ಕಡವಿಗೆ ಹೋಗಿ ನಿಲ್ಲಿ. ಅಲ್ಲಿ ಮೊಣಕಾಲು ನೀರಿದ್ದರೆ ಮತ್ತೆ ಚರ್ಚೆ ಬೇಡ, ಚಪ್ಪಟೆ ತಳ. ನಿಂತು ಬೀಸುಬಲೆ ಹಾಕುವ ಆಸೆ ಇದ್ದರೆ ಉದ್ದಕ್ಕಿಂತ ಅಗಲ ನೋಡಿ; ನಾನಂತೂ ನಾಲ್ಕು ಅಡಿಗಿಂತ ಕಮ್ಮಿ ಅಗಲದ್ದರಲ್ಲಿ ನಿಲ್ಲುವುದಿಲ್ಲ. ಚಪ್ಪಟೆಗೂ ಕುಂದು ಇಲ್ಲದಿಲ್ಲ. ಬೇಸಗೆಯ ಮಧ್ಯಾಹ್ನ ಪಡುಗಾಳಿ ಎದ್ದರೆ ಅಡ್ಡಡ್ಡ ಜಾರ್ತದೆ, ಸಣ್ಣ ಅಲೆಗೂ ತಳ ದಡಬಡ ಹೊಡೀತದೆ. ತಳದ ಉದ್ದಕ್ಕೆ ಒಂದು ಗಿಡ್ಡ ಪಟ್ಟಿ ಇಡಿಸಿದರೆ ಜಾರುವುದು ಕಮ್ಮಿ ಆಗ್ತದೆ. ಲಂಗರು ಮರೀಬೇಡಿ.

ಹೊಳೆ ಕಡಲು ಸೇರುವ ಕೋಡಿ ಬೆಂಗ್ರೆಯ ಅಳಿವೆ ಬಾಗಿಲು ದಾಟಿ ಕಡಲಿಗೆ ಹೋಗುವ ಯೋಚನೆ ಇದ್ದರೆ ಈ ಯಾವ ಮಾತೂ ಲಾಗು ಇಲ್ಲ. ಅಲ್ಲಿಗೆ ಚಪ್ಪಟೆ ತಳ ತಗೊಂಡು ಹೋಗ್ಲೇಬೇಡಿ. ನಿಮ್ಮ ವಿ ತಳದಲ್ಲೂ ಆ ಬಾಗಿಲು ಗೊತ್ತಿರುವವರು ಜೊತೆಗಿಲ್ಲದೆ ಬೇಡ.

9.9 ಎಚ್‌ಪಿ ಎಂತಕ್ಕೆ? ನೀರಿನ ಮೇಲೆ ಎದ್ದು ಓಡದೆ, ನೀರು ಸೀಳಿಕೊಂಡೇ ಹೋಗುವ 14 ಅಡಿಯ ದೋಣಿ 5 ನಾಟ್, ಅಂದ್ರೆ ಗಂಟೆಗೆ ಸುಮಾರು 9 ಕಿ.ಮೀ. ದಾಟುವುದು ಕಷ್ಟ, ಎಂಜಿನ್ ದೊಡ್ಡದಾದಷ್ಟೂ ಹಿಂಭಾಗ ಕೂರ್ತದೆ, ಪೆಟ್ರೋಲು ಹೋಗ್ತದೆ. ಕುದ್ರು ಸುತ್ತಲು ಹುಟ್ಟು, ಗಳ, ಒಂದು ಸಣ್ಣ ಎಂಜಿನ್ ಸಾಕು. ಲೈಫ್ ಜಾಕೆಟ್ ಮಾತ್ರ ದೋಣಿಯಲ್ಲಿ ಕೂರುವ ಎಲ್ಲರಿಗೂ ಬೇಕು.

ಅಥವಾ ಈ ವರ್ಷ ದೋಣಿಯನ್ನೇ ತಗೊಳ್ಬೇಡಿ. ಕಡವಿನಲ್ಲಿ ಯಾರದ್ದಾದರೂ ಹಳೆ ಪಾತಿ ಬಾಡಿಗೆಗೆ ಕೇಳಿ. ಇಳಿತದಲ್ಲಿ ಎಷ್ಟು ನೀರು ಸಿಕ್ಕಿತು ಅಂತ ಇಲ್ಲೇ ಬರೀರಿ, ಅಳತೆ ಆಮೇಲೆ ಮಾತಾಡುವ.